ಓದುಗರ ಪ್ರಶ್ನೆ: ಕಾನೂನು ಮಾಡಿಬಿಟ್ಟರೆ ಯಾರನ್ನಾದರೂ ಒಳಗೆ ಹಾಕಬಹುದಾ?

ಪ್ರಶ್ನೆ: ಕಾನೂನು ಹೇಳಿದ ಕ್ರಮ ಬಿಟ್ಟು ಯಾರ ಜೀವವನ್ನೂ, ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುತ್ತದೆ ಸಂವಿಧಾನದ 21ನೇ ವಿಧಿ. ಹಾಗಾದರೆ ಸರ್ಕಾರ ಒಂದು ಕೆಟ್ಟ ಕಾನೂನು ಮಾಡಿಕೊಂಡರೆ ಮುಗೀತಲ್ವಾ? ಜೈಲು ಕಂಡು ಬಂದವರೇ ತುಂಬಿದ್ದ ಸಂವಿಧಾನ ಸಭೆಯಲ್ಲಿ ಇದನ್ನು ಯಾರೂ ಕೇಳಲಿಲ್ವಾ?
– ಕಾನೂನು ವಿದ್ಯಾರ್ಥಿನಿ, ಹಾಸನ

ಉತ್ತರ: ಕೇಳಿದರು. ಜಗಳವನ್ನೇ ಆಡಿದರು. ಆದರೆ ಸೋತರು.

1947ರ ಏಪ್ರಿಲ್‌ನಲ್ಲಿ ಸಭೆ ಮೊದಲು ಒಪ್ಪಿದ್ದು ಈಗಿನ ಸಾಲನ್ನಲ್ಲ. ಆಗ ಅದರಲ್ಲಿ ಅಮೆರಿಕದ 'ಡ್ಯೂ ಪ್ರೊಸೆಸ್ ಆಫ್ ಲಾ' ಇತ್ತು. ಅಂದರೆ ಕಾನೂನು ಇದ್ದರಷ್ಟೇ ಸಾಲದು, ಆ ಕಾನೂನು ನ್ಯಾಯವಾಗಿದೆಯಾ ಅಂತಲೂ ಕೋರ್ಟು ನೋಡಬಹುದು. ಅದೇ ವರ್ಷದ ಕೊನೆಗೆ ಸಂವಿಧಾನ ಸಲಹೆಗಾರರಾಗಿದ್ದ ನಮ್ಮ ಮಂಗಳೂರಿನ ಬೆನೆಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋದರು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ, ಜನ ಆರಿಸಿದ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ಹೀಗೆ ಅಳೆಯುವುದು ಪ್ರಜಾಪ್ರಭುತ್ವಕ್ಕೆ ಹೊಂದುವುದಿಲ್ಲ ಅಂತಲೇ ಅನಿಸಿತ್ತು. ಈ ಮಾತು ರಾವ್ ಅವರಿಗೆ ನಾಟಿತು. ಕರಡು ಸಮಿತಿ ಆ ಪದಗಳನ್ನು ಕಿತ್ತು, ಜಪಾನಿನ 1946ರ ಸಂವಿಧಾನದಲ್ಲಿದ್ದ 'ಕಾನೂನು ಹೇಳಿದ ಕ್ರಮ' ಅನ್ನುವ ಮಾತನ್ನು ತಂದು ಹಾಕಿತು.

ಕೋರ್ಟು ಒಳ್ಳೆಯ ಕಾನೂನನ್ನೂ ಹೊಡೆದುಹಾಕೀತು ಅನ್ನುವ ಇವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆಗಿಂತ ಜಾಸ್ತಿ ದುಡಿಸಬಾರದು ಅನ್ನುವ ನ್ಯೂಯಾರ್ಕಿನ ಕಾನೂನನ್ನು ಅಮೆರಿಕದ ಕೋರ್ಟು 1905ರಲ್ಲಿ ಇದೇ ಆಧಾರದ ಮೇಲೆ ರದ್ದು ಮಾಡಿತ್ತು. ನಾಳೆ ನಮ್ಮಲ್ಲಿ ಜಮೀನ್ದಾರಿ ತೆಗೆಯಲು ಹೊರಟರೆ ಕೋರ್ಟು ಅಡ್ಡ ಬಂದರೆ?

ಆದರೆ ನನಗೆ ಈ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. 1947ರ ಸಾಲಿನಲ್ಲೇ ಆಸ್ತಿಯ ಮಾತು ಇರಲಿಲ್ಲ, ಜೀವ ಮತ್ತು ಸ್ವಾತಂತ್ರ್ಯ ಅಷ್ಟೇ ಇತ್ತು. ಮುಂದೆ 'ಸ್ವಾತಂತ್ರ್ಯ'ದ ಹಿಂದೆ 'ವೈಯಕ್ತಿಕ' ಅಂತಲೂ ಸೇರಿಸಿದರು. ಸಭೆಯ ಸದಸ್ಯ ಕೆ.ಎಂ. ಮುನ್ಷಿ 1948ರ ಡಿಸೆಂಬರ್‌ನಲ್ಲಿ ಹೇಳಿದ್ದೂ ಇದನ್ನೇ: ಈಗ ಜಮೀನು, ಕರಾರಿನ ಭಯ ಬೇಕಿಲ್ಲವಲ್ಲ, ಹಳೆಯ ಮಾತನ್ನೇ ವಾಪಸ್ ತನ್ನಿ. ಇನ್ನೊಬ್ಬ ಸದಸ್ಯ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ವಿರೋಧಿಸಿದರು. ಅಂಬೇಡ್ಕರ್ ಎರಡೂ ಕಡೆಯ ಅಪಾಯ ಬಿಡಿಸಿಟ್ಟು, ತೀರ್ಮಾನ ಸಭೆಗೇ ಬಿಟ್ಟರು. ಶಾಸನಸಭೆಯನ್ನೂ ಪೂರ್ತಿ ನಂಬುವ ಹಾಗಿಲ್ಲ, ಐದಾರು ನ್ಯಾಯಾಧೀಶರನ್ನೂ ನಂಬಿ ಕೂರುವ ಹಾಗಿಲ್ಲ ಅನ್ನುವುದು ಅವರ ಸಂಕಟ. ಸಭೆ ತಿದ್ದುಪಡಿಯನ್ನು ತಳ್ಳಿಹಾಕಿತು.

ಅಸಮಾಧಾನ ಮಾತ್ರ ತಣ್ಣಗಾಗಲಿಲ್ಲ. 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ಹೊಸದೊಂದು ವಿಧಿ ತಂದರು, ಆಗ ಆದದ್ದಕ್ಕೆ ಇದು ಪರಿಹಾರ ಅಂತ ನೇರವಾಗಿಯೇ ಹೇಳಿದರು. ಅದೇ ಈಗಿನ 22ನೇ ವಿಧಿ. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಇಟ್ಟುಕೊಳ್ಳಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಒಳ್ಳೆಯದೇ. ಆದರೆ ಅದೇ ವಿಧಿ, ತಪ್ಪು ಮಾಡುವ ಮೊದಲೇ ಹಿಡಿದಿಡುವ ಮುಂಜಾಗ್ರತಾ ಬಂಧನಕ್ಕೂ ಜಾಗ ಕೊಟ್ಟಿತು, ಅಂಥ ಬಂಧಿತರಿಗೆ 24 ಗಂಟೆಯ ನಿಯಮವೂ ಇಲ್ಲ, ವಕೀಲರ ಹಕ್ಕೂ ಇಲ್ಲ. ಕರಡು ಬರೆದವರು ಒಮ್ಮೆ ಜೈಲಲ್ಲಿದ್ದು ಬಂದಿದ್ದರೆ ಚೆನ್ನಾಗಿತ್ತು ಅಂತ ಸದಸ್ಯ ಮಹಾವೀರ ತ್ಯಾಗಿ ಮುಖಕ್ಕೇ ಹೇಳಿದರು. ಅವರ ಸಿಟ್ಟು ನ್ಯಾಯವಾದದ್ದು ಅಂತಲೇ ನನ್ನ ಅನಿಸಿಕೆ.

ನೀವು ಹೆದರಿದ್ದು ಬೇಗನೇ ನಿಜವಾಯಿತು. ಮುಂಜಾಗ್ರತಾ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, 1950ರಲ್ಲಿ, ಶಾಸನಸಭೆ ಮಾಡಿದ ಕಾನೂನಿದೆಯಲ್ಲ, ಅಷ್ಟು ಸಾಕು ಎಂದಿತು ಸುಪ್ರೀಂ ಕೋರ್ಟ್. ನ್ಯಾಯಮೂರ್ತಿ ಫಜಲ್ ಅಲಿ ಮಾತ್ರ ಒಪ್ಪಲಿಲ್ಲ. ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದ ಮೇನಕಾ ಗಾಂಧಿ ಅವರ ಪ್ರಕರಣದಲ್ಲಿ, 1978ರಲ್ಲಿ, ಆ ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ಕೋರ್ಟು ಹೇಳಿತು. ಸಭೆ ಬಾಗಿಲಿನಿಂದ ಹೊರಗೆ ಕಳಿಸಿದ್ದನ್ನು ಕೋರ್ಟು 30 ವರ್ಷದ ಮೇಲೆ ಒಳಗೆ ಕರೆದುಕೊಂಡಿತು. ಹಾಗಾಗಿ ನಿಮ್ಮ ಪ್ರಶ್ನೆಗೆ ಇವತ್ತಿನ ಉತ್ತರ: ಬರೀ ಕಾನೂನಿದ್ದರೆ ಸಾಲದು.

ಪ್ರಶ್ನೆ: ಹಾಗಾದರೆ ಮುಂಜಾಗ್ರತಾ ಬಂಧನ ಹೋಯಿತಾ?
– ಅದೇ ಓದುಗರು

ಉತ್ತರ: ಇಲ್ಲ, ಅದು ಹಾಗೇ ಇದೆ. ನಮ್ಮ ರಾಜ್ಯದ ಗೂಂಡಾ ಕಾಯ್ದೆಯೂ ಇದೇ 22ನೇ ವಿಧಿಗೆ ಒಳಪಟ್ಟಿದೆ. ಬಂಧನ ಸರಿಯೇ ಎಂದು ನೋಡುವ, ಹೈಕೋರ್ಟ್ ನ್ಯಾಯಾಧೀಶರ ಮಟ್ಟದವರ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಮೂರು ತಿಂಗಳು ಇಡಬಹುದು. ತುರ್ತು ಪರಿಸ್ಥಿತಿಯ ಪಾಡು ನೋಡಿದ ಸಂಸತ್ತು, 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಎರಡು ತಿಂಗಳಿಗೆ ಇಳಿಸಿತು. ಆ ಭಾಗವನ್ನು ಜಾರಿಗೆ ತರಲು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಬೇಕಿತ್ತು. ಎಷ್ಟೋ ಸರ್ಕಾರ ಬಂದು ಹೋದವು, ಎಲ್ಲ ಪಕ್ಷಗಳದ್ದೂ. ಯಾರೂ ಹೊರಡಿಸಿಲ್ಲ.