ಕಾಲುನೋವಿಗೆ ಪುಡಿ ಬೇಡ, ಮೊದಲು ನಿದ್ದೆ ಸರಿಮಾಡಿಕೊಳ್ಳಿ

ರಾತ್ರಿ ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಏಳುತ್ತೀರಿ, ವಾರಕ್ಕೆ ಐದು ದಿನ ಓಡುತ್ತೀರಿ, ಮೀನಖಂಡದ ನೋವು ಮಾತ್ರ ಇಳಿಯುತ್ತಿಲ್ಲ. ಯಾವ ಪ್ರೋಟೀನ್ ಪುಡಿ ಒಳ್ಳೆಯದು ಎಂದು ಕೇಳಿದ್ದೀರಿ. ದುಡ್ಡು ಉಳಿಸಿಕೊಳ್ಳಿ. ನಾಲ್ಕೂವರೆ ಗಂಟೆಯಷ್ಟೇ ಮಲಗಿದರೆ ಆಗುವ ಕೊರತೆಯನ್ನು ಯಾವ ಪುಡಿಯೂ ತುಂಬಿಕೊಡುವುದಿಲ್ಲ.

ಓಡುವಾಗ ಸ್ನಾಯು ದಣಿಯುತ್ತದೆ, ಅಲ್ಲಲ್ಲಿ ಸಣ್ಣದಾಗಿ ಹರಿಯುತ್ತದೆ. ದುರಸ್ತಿ ನಡೆಯುವುದು ಆಮೇಲೆ. ಅದಕ್ಕೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಜನರನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿದರು. ಊಟ ಎಂದಿನಷ್ಟೇ ಕೊಟ್ಟರೂ ಮರುದಿನ ಸ್ನಾಯುಗಳಲ್ಲಿ ಪ್ರೋಟೀನ್ ಕಟ್ಟಿಕೊಳ್ಳುವ ಪ್ರಮಾಣ ಶೇಕಡಾ 18ರಷ್ಟು ತಗ್ಗಿತ್ತು. ತಿಂದ ಬೇಳೆ, ಮೊಟ್ಟೆ ಮೈಗೆ ಹತ್ತಬೇಕಾದರೂ ನಿದ್ದೆ ಬೇಕು.

‘ನನಗೆ ಅಭ್ಯಾಸವಾಗಿಬಿಟ್ಟಿದೆ’ ಎಂದೂ ಬರೆದಿದ್ದೀರಿ. ನನಗೆ ಹೆದರಿಕೆಯಾಗುವುದು ಆ ಮಾತಿಗೇ. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರನ್ನು ಅಮೆರಿಕದಲ್ಲಿ ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಅವರ ಗಮನಶಕ್ತಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು; ಅವರಿಗೆ ಮಾತ್ರ ಸ್ವಲ್ಪ ತೂಕಡಿಕೆ ಬಿಟ್ಟರೆ ಬೇರೇನೂ ಅನ್ನಿಸಿರಲಿಲ್ಲ. ಕತ್ತಲಲ್ಲಿ, ಗುಂಡಿಬಿದ್ದ ರಸ್ತೆಯಲ್ಲಿ ಓಡುವ ನಿಮಗೆ ಇದು ಸಣ್ಣ ವಿಷಯವಲ್ಲ.

ಹತ್ತೂವರೆಯೊಳಗೆ ಮಲಗಿ, ಐದೂವರೆಗೆ ಏಳಿ. ವಯಸ್ಕರಿಗೆ ಏಳು ಗಂಟೆ ಕನಿಷ್ಠ. ಕಚೇರಿಯ ಕೆಲಸದಿಂದ ಅದು ಆಗದ ದಿನ ಓಟವನ್ನೇ ಬಿಡಿ. ವಾರಕ್ಕೆ ಮೂರು ಓಟ ಸಾಕು. ಸಂಜೆ ಆರರ ಫಿಲ್ಟರ್ ಕಾಫಿಯನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಮೊಬೈಲ್ ನಡುಮನೆಯಲ್ಲೇ ಚಾರ್ಜಿಗಿರಲಿ, ಅಲಾರಾಮಿಗೆ ಒಂದು ಗಡಿಯಾರ ಕೊಳ್ಳಿ.

ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ಎಂದಿನದಕ್ಕಿಂತ ಏಳೆಂಟು ಹೆಚ್ಚಿದ್ದರೆ ದಣಿವು ಇನ್ನೂ ಇಳಿದಿರಲಿಕ್ಕಿಲ್ಲ, ಅಂದು ನಡಿಗೆಯಷ್ಟೇ ಸಾಕು.

ಮೂಳೆಯ ಮೇಲೆ ಒಂದೇ ಜಾಗವನ್ನು ಒತ್ತಿದಾಗ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಏಳು ಗಂಟೆ ಮಲಗಿಯೂ ಹಗಲು ತೂಕಡಿಸಿದರೆ, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಮನೆಯವರನ್ನು ಕೇಳಿ. ಹೌದೆಂದರೆ ಅದಕ್ಕೂ ವೈದ್ಯರನ್ನು ಕಾಣಲೇಬೇಕು, ಮುಂದೂಡಬೇಡಿ.