ಮಾತ್ರೆ ನಿಲ್ಲಿಸಿ ಆರು ದಿನವಾಯಿತು

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು, ವಯಸ್ಸು 28. ಮನಸ್ಸು ಅತಿ ಹುರುಪಿಗೂ ಅತಿ ಕುಸಿತಕ್ಕೂ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಮಂಗಳೂರಿನ ಮನೋವೈದ್ಯರು ಕೊಟ್ಟ ಲಿಥಿಯಂ ಮಾತ್ರೆಯನ್ನು ನಾಲ್ಕು ವರ್ಷಗಳಿಂದ ಸೇವಿಸುತ್ತಿದ್ದೆ. ಈಗ ಎರಡು ತಿಂಗಳ ಗರ್ಭಿಣಿ. ಮಗುವಿಗೆ ತೊಂದರೆಯಾಗುತ್ತದೆ ಎಂದು ಅತ್ತೆ ಹೆದರಿದ್ದರಿಂದ ಮಾತ್ರೆ ನಿಲ್ಲಿಸಿ ಆರು ದಿನವಾಯಿತು. ಕಾಸರಗೋಡಿನಲ್ಲಿ ನನ್ನನ್ನು ನೋಡುವ ಹೆರಿಗೆ ವೈದ್ಯರಿಗೆ ಕಾಯಿಲೆಯ ವಿಷಯ ಹೇಳಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರ ಹೆದರಿಕೆ ಸುಳ್ಳಲ್ಲ, ಆದರೆ ಅವರು ಲೆಕ್ಕದ ಒಂದು ಬದಿಯನ್ನಷ್ಟೇ ನೋಡಿದ್ದಾರೆ. ಮೊದಲ ಮೂರು ತಿಂಗಳಲ್ಲಿ ಲಿಥಿಯಂ ಸೇವಿಸಿದರೆ ಶಿಶುವಿನ ಹೃದಯದಲ್ಲಿ ದೋಷ ಕಾಣಿಸುವ ಸಂಭವ ತುಸು ಹೆಚ್ಚುವುದು ನಿಜ. ಆದರೂ ಬಹುಪಾಲು ಶಿಶುಗಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಮಾತ್ರೆಯನ್ನು ಥಟ್ಟನೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಅದಕ್ಕಿಂತ ಬಹಳ ದೊಡ್ಡದು. ಹಾಗೆಂದು ನೀವಾಗಿಯೇ ಮತ್ತೆ ಶುರುಮಾಡಬೇಡಿ. ಈ ವಾರವೇ ಮಂಗಳೂರಿಗೆ ಹೋಗಿ. ಪ್ರಮಾಣ ಇಳಿಸಿ ಮುಂದುವರಿಸಬೇಕೇ, ಬೇರೆ ಔಷಧಿಗೆ ಬದಲಿಸಬೇಕೇ ಎಂಬುದನ್ನು ನಿಮ್ಮ ಹಿಂದಿನ ಏರಿಳಿತಗಳನ್ನು ಕಂಡ ವೈದ್ಯರೇ ನಿರ್ಧರಿಸಲಿ. ಮನೆಯಲ್ಲಿ ಇದೇ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧಿ ಹಳೆಯದು ಉಳಿದಿದ್ದರೆ ಅದನ್ನು ಮಾತ್ರ ಮುಟ್ಟಬೇಡಿ, ಗರ್ಭಕ್ಕೆ ಅದರಿಂದಾಗುವ ಹಾನಿ ಲಿಥಿಯಂನದ್ದಕ್ಕಿಂತ ಬಹಳ ಹೆಚ್ಚು.

ಗಡಿನಾಡಿನವರ ಕಷ್ಟವೊಂದಿದೆ: ಒಬ್ಬ ವೈದ್ಯರು ಆ ರಾಜ್ಯದಲ್ಲಿ, ಇನ್ನೊಬ್ಬರು ಈ ರಾಜ್ಯದಲ್ಲಿ, ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಪ್ರಮಾಣ, ಮನೋವೈದ್ಯರ ಫೋನ್ ಸಂಖ್ಯೆ ಇರುವ ಒಂದು ಹಾಳೆಯನ್ನು ತಾಯಿ ಕಾರ್ಡಿನೊಳಗೆ ಇಟ್ಟುಕೊಂಡು ಹೆರಿಗೆ ವೈದ್ಯರಿಗೂ ತೋರಿಸಿ. ಲಿಥಿಯಂ ಮುಂದುವರಿದರೆ ಗರ್ಭಾವಸ್ಥೆಯಲ್ಲಿ ರಕ್ತದಲ್ಲಿ ಅದರ ಮಟ್ಟ ಇಳಿಯುವುದರಿಂದ ಪದೇ ಪದೇ ಪರೀಕ್ಷೆ ಬೇಕು; ಹೆರಿಗೆಯಾದೊಡನೆ ಅದೇ ಮಟ್ಟ ಏರುತ್ತದೆ. ನಮ್ಮ ಹಲವು ಮನೆಗಳಲ್ಲಿ ಬಾಣಂತಿಗೆ ಲೆಕ್ಕದ ಲೋಟ ನೀರು, ಜೊತೆಗೆ ಉಪ್ಪಿಲ್ಲದ ಪಥ್ಯ. ಲಿಥಿಯಂ ಸೇವಿಸುವವರಿಗೆ ಇವೆರಡೂ ವಿಷವಾಗಬಲ್ಲವು, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಯೂ ಅಷ್ಟೇ. ಎದೆಹಾಲಿನ ಮೂಲಕ ಲಿಥಿಯಂ ಮಗುವಿಗೂ ಹೋಗುವುದರಿಂದ ಹಾಲುಣಿಸುವ ಕುರಿತ ಮಾತನ್ನು ವೈದ್ಯರೊಂದಿಗೆ ಹೆರಿಗೆಗೆ ಮೊದಲೇ ಮುಗಿಸಿಕೊಳ್ಳಿ.

ಹೆರಿಗೆಯ ನಂತರದ ವಾರಗಳೇ ನನ್ನ ದೊಡ್ಡ ಚಿಂತೆ. ಹಿಂದಿನವರು ಬಾಣಂತಿ ಸನ್ನಿ ಎನ್ನುತ್ತಿದ್ದ, ಮನಸ್ಸಿನ ಹಿಡಿತ ತಪ್ಪುವ ತೀವ್ರ ಸ್ಥಿತಿ ಸಾಮಾನ್ಯವಾಗಿ ಸಾವಿರಕ್ಕೆ ಒಬ್ಬರಿಗೋ ಇಬ್ಬರಿಗೋ ಬಂದರೆ, ಬೈಪೋಲಾರ್ ಇರುವವರಲ್ಲಿ ಅದು ಹಲವು ಪಟ್ಟು ಹೆಚ್ಚು, ಅದಕ್ಕೆ ಕಿಡಿ ಹೊತ್ತಿಸುವುದರಲ್ಲಿ ನಿದ್ದೆಗೇಡೂ ಒಂದು. ಆದ್ದರಿಂದ ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಈಗಲೇ ಅತ್ತೆ, ಅಮ್ಮ, ಗಂಡನ ಜೊತೆ ನಿಗದಿಮಾಡಿ. ಮನಸ್ಸು ತೀರಾ ಕಂಗೆಟ್ಟ ರಾತ್ರಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಬಹುದು. ನೀವು ಎರಡು ರಾತ್ರಿ ಕಣ್ಣು ಮುಚ್ಚದೆಯೂ ದಣಿವಿಲ್ಲದೆ ಓಡಾಡುತ್ತಿದ್ದರೆ ಅದನ್ನು ಹೊಸ ತಾಯಿಯ ಹುರುಪೆಂದು ಭಾವಿಸದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಅತ್ತೆಗೆ ಇಂದೇ ಹೇಳಿಡಿ.