ಹಗಲಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋದರೆ ನೋಡೋಕೆ ಏನಿದೆ?

ಅಪ್ಪ-ಅಮ್ಮನ ಜೊತೆ ಒಂದೇ ದಿನಕ್ಕೆ ಮೈಸೂರಿಗೆ ಬರುತ್ತಿದ್ದೀರಿ, ರಾತ್ರಿ ದೀಪ ನೋಡುವಷ್ಟು ಹೊತ್ತು ಇರೋಕಾಗಲ್ಲ, ಹಗಲಲ್ಲಿ ಬೆಟ್ಟಕ್ಕೆ ಹೋಗಿ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನನ್ನ ಪ್ರಕಾರ ಬೆಟ್ಟದ ಮೇಲಿಂದ ಊರು ನೋಡೋಕೆ ಬೆಳಗಿನ ಹೊತ್ತೇ ಸರಿ.

ಬೆಟ್ಟ ಇರುವುದು ಊರಿನ ಆಗ್ನೇಯಕ್ಕೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಕಡೆ ಇರುತ್ತಾನೆ, ಬಿಸಿಲು ಊರಿನ ಮೇಲೆ ಬೀಳುತ್ತದೆ. ಸಂಜೆಯಾದರೆ ಅದೇ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಎಂಟೂವರೆ, ಒಂಬತ್ತರೊಳಗೆ ಮೇಲಿದ್ದರೆ ಚೆನ್ನ.

ವ್ಯೂ ಪಾಯಿಂಟ್‌ನಲ್ಲಿ ನಿಂತು ಮೊದಲು ಬಲಗಡೆ ಲಲಿತ ಮಹಲ್ ಹುಡುಕಿ. ಹಸಿರಿನ ಮಧ್ಯೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ವೈಸರಾಯ್ ಬಂದಾಗ ಉಳಿಯಲಿ ಅಂತ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ್ದು. ಅಲ್ಲಿಂದ ಕಣ್ಣನ್ನು ನಿಧಾನಕ್ಕೆ ಎಡಕ್ಕೆ ತನ್ನಿ. ಕಾರಂಜಿ ಕೆರೆ, ಆಮೇಲೆ ರೇಸ್ ಕೋರ್ಸಿನ ಉದ್ದನೆಯ ಸುತ್ತು, ಅದರಾಚೆ ಅರಮನೆಯ ಗೋಪುರಗಳು. ಮಂಜಿಲ್ಲದ ದಿನ ಇನ್ನೂ ಹಿಂದೆ ಫಿಲೋಮಿನಾ ಚರ್ಚಿನ ಎರಡು ಚೂಪು ಗೋಪುರಗಳೂ ಕಾಣುತ್ತವೆ. ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರ ಅಷ್ಟೇ. ಅದಕ್ಕೇ ಒಂದೊಂದೂ ಗುರುತು ಸಿಗುತ್ತದೆ. ನನ್ನ ಮಗಳು ಪ್ರತಿ ಸಲ ರೇಸ್ ಕೋರ್ಸಿನಿಂದ ಶುರುಮಾಡಿ, ರಸ್ತೆ ರಸ್ತೆ ದಾಟಿ, ಬೆರಳಲ್ಲೇ ನಮ್ಮ ಬೀದಿಗೆ ಹೋಗಿ ಮುಟ್ಟುತ್ತಾಳೆ. ರಾತ್ರಿ ಇದು ಆಗಲ್ಲ. ದೀಪಗಳು ಚೆಂದ, ನಿಜ. ಆದರೆ ಯಾವುದು ಕೆರೆ, ಯಾವುದು ಬಯಲು ಅಂತ ತಿಳಿಯಲ್ಲ.

ಕಾಲಲ್ಲಿ ಶಕ್ತಿ ಇದ್ದರೆ ನೀವು ಮೆಟ್ಟಿಲಲ್ಲೇ ಹತ್ತಿ. ಸುಮಾರು ಸಾವಿರ ಮೆಟ್ಟಿಲು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ-ಕುಂಕುಮ ಹಚ್ಚುತ್ತಾ ಬರುತ್ತಾರೆ. ಹೋದ ತಿಂಗಳು ನನ್ನ ಮುಂದೆ ಒಬ್ಬ ಅಜ್ಜಿ ಹೋಗುತ್ತಿದ್ದರು. ಎಡಗೈಯಲ್ಲಿ ಸ್ಟೀಲ್ ಬಟ್ಟಲು, ಬಲಗೈಯ ಬೆರಳುಗಳು ಗೆಣ್ಣಿನವರೆಗೂ ಹಳದಿ. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಸೊಂಟ ನೆಟ್ಟಗೆ ಮಾಡಿಕೊಂಡು, "ನೀ ಮುಂದೆ ಹೋಗಪ್ಪ" ಅಂದರು. ನನಗೆ ಅವರನ್ನು ದಾಟಿ ಹೋಗೋಕೆ ಮನಸ್ಸೇ ಬರಲಿಲ್ಲ.

ಅಪ್ಪ-ಅಮ್ಮನಿಗೆ ಮಂಡಿನೋವು ಇದ್ದರೆ ಸಿಟಿ ಬಸ್ ಸ್ಟ್ಯಾಂಡಿನಿಂದ 201 ನಂಬರ್ ಬಸ್ ನೇರ ಮೇಲಕ್ಕೇ ಹೋಗುತ್ತದೆ. ನಂದಿಯ ಹತ್ತಿರಕ್ಕೂ ರಸ್ತೆ ಇದೆ, ಕಾರಿದ್ದರೆ ಅದನ್ನು ಬಿಡಬೇಡಿ. ಒಂದೇ ಬಂಡೆಯಲ್ಲಿ ಕಡೆದ ನಂದಿ, ಸುಮಾರು 15 ಅಡಿ ಎತ್ತರ, ದೊಡ್ಡ ದೇವರಾಜ ಒಡೆಯರ ಕಾಲದ್ದು. ಕೊರಳಿನ ಗಂಟೆಸರವನ್ನು ಹತ್ತಿರ ನಿಂತು ನೋಡಿ, ಕಲ್ಲು ಅನ್ನೋದೇ ಮರೆತುಹೋಗುತ್ತದೆ.

ಆಷಾಢ ಶುಕ್ರವಾರ ಮಾತ್ರ ಬೇಡ. ಜನಜಾತ್ರೆ, ವಯಸ್ಸಾದವರಿಗೆ ತುಂಬಾ ಕಷ್ಟ. ಮಳೆಗಾಲದಲ್ಲಿ ಮೋಡ ಕವಿದರೆ ಊರೇ ಕಾಣಲ್ಲ. ಕೈಯಲ್ಲಿ ಬಾಳೆಹಣ್ಣಿನ ಕವರ್ ಹಿಡಿದು ಓಡಾಡಬೇಡಿ, ಕೋತಿಗಳು ಜಾಸ್ತಿ. ದೇವಿಯ ದರ್ಶನ ಮೊದಲು ಮುಗಿಸಿಕೊಳ್ಳಿ, ಕ್ಯೂ ಉದ್ದ ಆಗೋ ಮುಂಚೆ. ಆಮೇಲೆ ಎಷ್ಟು ಹೊತ್ತು ಬೇಕಾದರೂ ನಿಂತು ಊರು ನೋಡಬಹುದು.